ಸಾಸಿವೆ ಸಿಡಿಯುವ ಹೊತ್ತು

ಗ್ರಿಮ್ಸ್‌ಬಿಯಲ್ಲಿ ಬೆಳಗಿನ ಏಳೂವರೆ.
ರಾತ್ರಿಪಾಳಿ ಮುಗಿಸಿ ಬಂದವಳ ಕೈಯಲ್ಲಿನ್ನೂ
ಕೇರ್ ಹೋಮಿನ ಸೋಪಿನ ವಾಸನೆ,
ಕಿಟಕಿ ತೆರೆದರೆ ಬಂದರಿನ ಮೀನಿನದು.
ಕಂಪ್ಯೂಟರಿನ ಗುಂಡಿ ಒತ್ತುತ್ತೇನೆ,
ಒಲೆಯ ಗುಂಡಿ ತಿರುಗಿಸುತ್ತೇನೆ.

ಹಳೆಯ ಹಾರ್ಡ್ ಡಿಸ್ಕು ಬೀಸುವ ಕಲ್ಲಿನ ಹಾಗೆ
ಗರಗರ ತಿರುಗಿ, ಹಿಡಿಹಿಡಿಯಾಗಿ
ಒಂದು ಕೋಟೆಯನ್ನು ಉದುರಿಸುತ್ತದೆ:
ಮೊದಲು ಬುರುಜು, ಆಮೇಲೆ ಕಂದಕ,
ಕೊನೆಗೆ ಕತ್ತಿ ಹಿಡಿದ ನಾನು.
ಐವತ್ತೆರಡು ಸೆಕೆಂಡು.
ನನ್ನ ಲೆಕ್ಕದಲ್ಲಿ ಅದು, ಎಣ್ಣೆ ಕಾದು
ಸಾಸಿವೆ ಸಿಡಿದು
ಫ್ರೀಜರಿನ ಕರಿಬೇವು ಚಟಪಟ ಎಂದು ಸುಮ್ಮನಾಗುವಷ್ಟು.

ಎರಡು ಬೀದಿ ಆಚೆ ಮೊರೀನ್,
ಅರವತ್ತಮೂರು, ನನ್ನದೇ ಪಾಳಿಯವಳು.
ಮೊಮ್ಮಗ ಹುಟ್ಟುಹಬ್ಬಕ್ಕೆ ಎಸ್‌ಎಸ್‌ಡಿ ಹಾಕಿಕೊಟ್ಟಿದ್ದಾನೆ.
ಕುರ್ಚಿಗೆ ಬೆನ್ನು ತಾಗುವುದರೊಳಗೆ ಅವಳು ಕೋಟೆಯೊಳಗೆ.
ಹೆಡ್‌ಫೋನಿನಲ್ಲಿ ದನಿ: "ಮ್ಯಾಂಡಿ, ಎಲ್ಲಿದ್ದೀಯ?"
ಮಂದಾಕಿನಿ ಆ ಬಾಯಿಗೆ ಒಗ್ಗಲಿಲ್ಲ.
ಹೆಸರಲ್ಲೇ ಮಂದ ಇದೆ ಮೊರೀನ್,
ನಾನೇನು ಮಾಡಲಿ ಎಂದರೆ
ಅವಳಿಗೆ ಅದೂ ಅರ್ಥವಾಗುವುದಿಲ್ಲ.

ಫ್ರೀಮನ್ ಸ್ಟ್ರೀಟಿನ ರಿಪೇರಿ ಅಂಗಡಿಯ ಕಾಝಿಕ್
ಸುಳ್ಳು ಹೇಳಿ ಮಾರುವವನಲ್ಲ.
"ಕತ್ತಿ ಬೀಸುವ ವೇಗ ಇದರಿಂದ ಬರುವುದಿಲ್ಲ,
ಅದು ಗ್ರಾಫಿಕ್ಸ್ ಕಾರ್ಡಿನ ಕೆಲಸ.
ಇದು ಬಾಗಿಲು ಬೇಗ ತೆರೆಯುತ್ತದೆ.
ಅಷ್ಟೇ."
ಅಷ್ಟಕ್ಕೆ, ಐನೂರು ಜಿಬಿಗೆ, ನಲವತ್ತಾರು ಪೌಂಡು.

ಕೈಗೆ ತೆಗೆದುಕೊಂಡೆ. ಇಸ್ಪೀಟಿನ ಕಟ್ಟಿಗಿಂತ ತೆಳುವು.
ಅಲ್ಲಾಡಿಸಿದೆ. ಸದ್ದಿಲ್ಲ.
ಸದ್ದಿಲ್ಲದ್ದಕ್ಕೆ ಅಮ್ಮ ದುಡ್ಡು ಕೊಡುತ್ತಿರಲಿಲ್ಲ,
ತೆಂಗಿನಕಾಯಿಯನ್ನೂ ಕಿವಿಗೆ ಹಿಡಿದು
ನೀರು ಮಾತಾಡಿದರೆ ಮಾತ್ರ ಚೀಲಕ್ಕೆ.
ಹಿಂದಿಟ್ಟು ಬಂದೆ.

ಗ್ಯಾಸ್ ಮೀಟರಿಗೆ ದುಡ್ಡು ತುಂಬಿದ ರಸೀತಿಯ ಬೆನ್ನಿಗೆ ಲೆಕ್ಕ:
ದಿನಕ್ಕೆ ಎಂಟು ಸಲ ಐವತ್ತೆರಡು,
ಸುಮಾರು ಏಳು ನಿಮಿಷ.
ತಿಂಗಳಿಗೆ ಮೂರೂವರೆ ಗಂಟೆ.
ಗಂಟೆಗೆ ಹನ್ನೆರಡರಂತೆ ನಲವತ್ತೆರಡು.
ನಾಲ್ಕು ಪೌಂಡು ನಷ್ಟ, ಮೊದಲ ತಿಂಗಳು.
ಆಮೇಲೆ ಲಾಭವೇ, ಆದರೆ
ಆ ಗಂಟೆಗಳಿಗೆ ಕೂಲಿ ಕೊಡುವವರು ಯಾರು?

ತಾಳಿದವನು ಬಾಳಿಯಾನು ಅನ್ನುತ್ತದೆ ಗಾದೆ.
ತಾಳಿದವಳ ಮಾತು ಅದರಲ್ಲಿಲ್ಲ.

ಆ ಮಂಗಳವಾರ ರಾತ್ರಿ
ಹನ್ನೊಂದನೇ ಕೋಣೆಯ ಮಿಸ್ಟರ್ ಪಾಲ್ಫ್ರಿ ಜ್ವರದಲ್ಲಿ ನಡುಗುತ್ತಿದ್ದರು.
ಡಾಕ್ಟರ ಫೋನಿನಲ್ಲಿ ನಾನು ಸಾಲಿನಲ್ಲಿ ಏಳನೆಯವಳು.
ಏಳು, ಏಳು, ಆರು.
ನಡುನಡುವೆ ಪಿಯಾನೊ.
ಒಂದು ಕೈಯಲ್ಲಿ ರಿಸೀವರು, ಇನ್ನೊಂದು ಅವರ ಅಂಗೈಯಲ್ಲಿ.
ಆಗ ಅನ್ನಿಸಿತು: ಕಾಯುವುದೇ ನನ್ನ ನೌಕರಿ.
ಬೆಲ್ಲಿಗೆ, ಲಿಫ್ಟಿಗೆ, ಬೆಳಗಿಗೆ.
ಸಂಬಳಕ್ಕೆ ಕಾದವಳು
ಮನೆಗೆ ಬಂದು ಪುಕ್ಕಟೆ ಯಾಕೆ ಕಾಯಲಿ?

ಕೊಂಡೆ.

ಮೊದಲ ಬೆಳಗು ಎಣ್ಣೆ ಕಾಯುವ ಮೊದಲೇ ಕೋಟೆ ತೆರೆಯಿತು.
ಸಾಸಿವೆ ಹಾಕಿದವಳೇ ಓಡಿದೆ.
ಅದು ಸಿಡಿದು, ಸೀದು, ಕರಕಲಾಗಿ,
ಹೊಗೆಯ ಅಲಾರಂ ಇಡೀ ಕಟ್ಟಡಕ್ಕೆ ಸುದ್ದಿ ಕೊಟ್ಟಿತು.
ಕೆಳಗಿನ ಮನೆಯ ನಾಯಿ ಮಧ್ಯಾಹ್ನದ ತನಕ ಬೊಗಳಿತು.

ಮರುದಿನ ಒಲೆ ಹಚ್ಚಲಿಲ್ಲ. ಕೂತೆ.
ಅಂದು ಮೊರೀನಳ ಬಸ್ಸು ತಡ.
ಕೋಟೆಯಲ್ಲಿ ನಾನೊಬ್ಬಳೇ.
ಬುರುಜಿನ ಅಂಚಿನಲ್ಲಿ ಒಂದು ಬೆಳ್ಳಕ್ಕಿ,
ಒಂಟಿಗಾಲಲ್ಲಿ, ರೆಕ್ಕೆಯೊಳಗೆ ಕೊಕ್ಕು ತೂರಿಸಿ
ಏನನ್ನೋ ಹುಡುಕುತ್ತಿತ್ತು.
ಎರಡು ವರ್ಷ ಆಡಿದ್ದೇನೆ, ಒಮ್ಮೆಯೂ ಕಂಡಿಲ್ಲ.
ಉಸಿರು ಬಿಗಿಹಿಡಿದೆ, ಯಾಕೋ,
ಪರದೆಯ ಈಚೆಗೆ ಕೂತು.

ಬಾಗಿಲು ಕಿರುಗುಟ್ಟಿತು. ಮೊರೀನ್. ಹಕ್ಕಿ ಹಾರಿತು.
"ನೋಡಿದೆಯಾ?" ಅಂದೆ.
"ಅದಾ?" ಅಂದಳು, ಬೂಟು ಕಳಚುವ ಸದ್ದಿನ ನಡುವೆ,
"ದಿನಾ ಇರುತ್ತಲ್ಲ. ನೀನು ಬಂದ ಕೂಡಲೇ ಹೋಗುತ್ತೆ."